ಮುಕ್ದೋ ದ್ವೀಪದ ಬೀರು

ಮಾ ಗಿಯುನ್‌ಗೆ ಎರಡು ಹೆಸರಿದ್ದವು. ಒಂದು ಅಪ್ಪ ಇಟ್ಟದ್ದು, ಸರ್ಕಾರದ ಕಾಗದಗಳಲ್ಲಿ ಇದ್ದದ್ದು. ಇನ್ನೊಂದು ಮರಗೆಲಸ ಕಲಿಸಿದ ಯೋಮ್ ಗುರುಗಳು ಇಟ್ಟದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಳನಾಡಿನ ಊರಿನಿಂದ ಬಟ್ಟೆಯ ಗಂಟು ಹಿಡಿದು ಬಂದು, ತೋಂಗ್ಯೋಂಗ್ ಬಂದರಿನ ಮೇಲಿನ ಓಣಿಯಲ್ಲಿದ್ದ ಅವರ ಕೆಲಸದ ಮನೆಯ ಬಾಗಿಲಲ್ಲಿ ನಿಂತಾಗ, ಗುರುಗಳು ಹೆಸರೇನು ಎಂದು ಕೇಳಿದ್ದರು.

"ಗಿಯುನ್? ನನ್ನ ನಾಲಿಗೆ ಹೊರಳಲ್ಲ ಅದಕ್ಕೆ. ಈ ಬಾಗಿಲ ಒಳಗೆ ನೀನು ಸೋಕ್ಬೋ," ಎಂದರು. ಅಷ್ಟೇ. ಅವತ್ತಿನಿಂದ ಹತ್ತೊಂಬತ್ತು ವರ್ಷ ಅವನು ಸೋಕ್ಬೋ ಆಗಿದ್ದ. ಮರದ ವ್ಯಾಪಾರಿಗಳು, ಹಿತ್ತಾಳೆ ಕೀಲು ಬಡಿಯುವವರು, ಬೀರು ಕೊಳ್ಳಲು ಬರುತ್ತಿದ್ದ ದೊಡ್ಡ ಮನೆಯ ಹೆಂಗಸರು, ಎಲ್ಲರಿಗೂ ಸೋಕ್ಬೋ. ಮದುವೆಯಾದ ಮಿಹ್ವಾ ಕೂಡ ಅವನನ್ನು ಕರೆದದ್ದು ಹಾಗೆಯೇ. ಅವನಿಗೂ ಆ ಹೆಸರು ಇಷ್ಟವಾಗಿತ್ತು. ಗುರು ಕೊಟ್ಟ ಹೆಸರು ಅಂದರೆ ಕೆಲಸ ಒಪ್ಪಿಕೊಂಡ ಹಾಗೆ ಎಂದು ತಿಳಿದಿದ್ದ.

ಯೋಮ್ ಕಲಿಸಿದ ಬಗೆ ಬೇರೆ ಗುರುಗಳ ಹಾಗಿರಲಿಲ್ಲ. ಅವರು ಎಂದೂ ಎದುರು ಕೂತು ತೋರಿಸಿದವರಲ್ಲ. ಶಿಷ್ಯನನ್ನು ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸುವುದು, ತಾವು ಅವನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಚಾಪೆ ಹಾಕಿಕೊಳ್ಳುವುದು. ಅಲ್ಲಿಂದಲೇ ದನಿ ಬರುತ್ತಿತ್ತು. "ಹಾಗಲ್ಲ. ಕೊಡತಿ ಎರಡು ಏಟು ಹಾಕು. ತಡಿ. ಈಗ ಒಂದು." ಮೊದಮೊದಲು ಗಿಯುನ್ ತನ್ನದೇ ರೀತಿಯಲ್ಲಿ ಬಡಿಯುತ್ತಿದ್ದ, ತನ್ನದೇ ರೀತಿಯಲ್ಲಿ ಉಳಿ ಹಿಡಿಯುತ್ತಿದ್ದ. ಹಾಗೆ ಮಾಡಿದಾಗೆಲ್ಲ ಗುರುಗಳು ಹಿಂದಿನಿಂದಲೇ ಎದ್ದು ಬಂದು ಗಿಣ್ಣಿನ ಮೇಲೆ ಅಳತೆ ಕೋಲಿನಿಂದ ಹೊಡೆಯುತ್ತಿದ್ದರು. ಮೂರು ವರ್ಷದಲ್ಲಿ ಅವನ ಹಳೆಯ ಅಭ್ಯಾಸಗಳೆಲ್ಲ ಬಿಟ್ಟುಹೋದವು. ಹೊಸದಾಗಿ ಬಂದ ಒಂದು ಅಭ್ಯಾಸ ಮಾತ್ರ ತಪ್ಪಿನ ಹಾಗೆ ಕಾಣುತ್ತಿತ್ತು. ಹಲಗೆಯ ತುದಿಯಲ್ಲಿ, ಇನ್ನೊಂದು ಹಲಗೆಯ ಗೂಡಿಗೆ ಕೂರುವ ನಾಲಿಗೆ ಕೊರೆಯುವ ಮುನ್ನ ಚಾಕುವಿನಿಂದ ಗೆರೆ ಎಳೆಯುತ್ತಾರಲ್ಲ, ಎಡಗಡೆಯ ಆ ಗೆರೆ ಒಂದು ಅಕ್ಕಿಕಾಳಿನಷ್ಟು ಆಚೆಗೆ ಹೋಗಿ ನಿಲ್ಲುತ್ತಿತ್ತು. ಅದನ್ನು ಸರಿಮಾಡಿಕೊಳ್ಳಲು ಹೋದರೆ ಹಿಂದಿನಿಂದ ದನಿ ಬರುತ್ತಿತ್ತು: "ಇರಲಿ ಬಿಡು. ಅದು ಚೆನ್ನಾಗಿದೆ."

ಹತ್ತೊಂಬತ್ತು ವರ್ಷ ಕಳೆಯುವ ಹೊತ್ತಿಗೆ ಬೀರು ಕೇಳುವವರೇ ಇರಲಿಲ್ಲ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಟ್ಟೆಯ ಕಪಾಟು ಗೋಡೆಯೊಳಗೇ ಸೇರಿ ಬರುತ್ತಿತ್ತು. ಮದುಮಗಳ ಜೊತೆ ನುತಿ ಎಂಬ ಗಟ್ಟಿ ಮರದ ಬೀರು ಕಳಿಸುವ ಪದ್ಧತಿ ನಿಂತುಹೋಗಿತ್ತು. ಮಗಳು ಶಾಲೆಗೆ ಸೇರಿದ ವರ್ಷ ಗಿಯುನ್ ಬೇರೆ ಕೆಲಸ ನೋಡಿಕೊಂಡ. ಒಬ್ಬಂಟಿಯಾಗಿ ಸತ್ತವರ ಮನೆ ಖಾಲಿ ಮಾಡಿಕೊಡುವ ಸಣ್ಣ ಕಂಪನಿ ಅದು. ಬಟ್ಟೆ, ಪಾತ್ರೆ, ಫೋಟೋ ಬೇರೆ ಮಾಡುವುದು, ಮರದ ಸಾಮಾನು ಒಡೆದು ಲಾರಿಗೆ ತುಂಬುವುದು. ಕೆಲಸ ಬಿಡುತ್ತೇನೆ ಎಂದು ಹೇಳಿದ ದಿನ ಗುರುಗಳು ಉಳಿ ಮಸೆಯುತ್ತಿದ್ದರು. ಬಯ್ಯಲಿಲ್ಲ, ತಡೆಯಲೂ ಇಲ್ಲ. ಒಂದೇ ಒಂದು ಮಾತು ಕೇಳಿದರು.

"ಆ ಕೆಲಸಕ್ಕೆ ದೋಣಿ ಹತ್ತಬೇಕಾ?"

"ಇಲ್ಲ ಗುರುಗಳೇ. ವ್ಯಾನು."

"ಸರಿ," ಎಂದು ಬೆನ್ನು ತಿರುಗಿಸಿದರು.

ಆಮೇಲೆ ಎರಡು ಸುಗ್ಗಿ ಹಬ್ಬಕ್ಕೂ ಗಿಯುನ್ ಪೇರಳೆ ಹಣ್ಣಿನ ಪೆಟ್ಟಿಗೆ ಹಿಡಿದು ಹೋದ. ಒಳಗೆ ಮರ ಹೆರೆಯುವ ಸದ್ದು ನಿಲ್ಲುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಬರುತ್ತಿದ್ದ. ಹೊಸ ಕೆಲಸದಲ್ಲಿ ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯಲ್ಲಿ ಮಾ ಗಿಯುನ್ ಎಂದೇ ಇತ್ತು. ಮನೆಯಾಚೆ ಅವನನ್ನು ಸೋಕ್ಬೋ ಎಂದು ಕರೆಯುವವರು ಯಾರೂ ಉಳಿಯಲಿಲ್ಲ.

ಮೂರನೆಯ ವರ್ಷ ಕಂಪನಿಗೆ ದ್ವೀಪಗಳ ಕೆಲಸವೂ ಸಿಕ್ಕಿತು. ಗುರುಗಳಿಗೆ ಅದನ್ನು ಹೇಳಿ ಬರಲು ಅವನು ಹೋಗಲಿಲ್ಲ. ಹೇಳಬೇಕಾದ್ದು ಅಂತ ಅನ್ನಿಸಲೂ ಇಲ್ಲ.

ಮುಕ್ದೋಗೆ ಹೋದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಜೊತೆಗೆ ಅದೇ ಕಂಪನಿಯ ತಾಕ್ ಇದ್ದ, ಅವನಿಗಿಂತ ಎಂಟು ವರ್ಷ ದೊಡ್ಡವನು, ಬಾಯಿ ಸುಮ್ಮನಿರದ ಆಸಾಮಿ. ಸತ್ತವನು ಚೋನ್ ಎಂಬ ಮೀನುಗಾರ, ಹಿಂದೆ ಮುಂದೆ ಯಾರೂ ಇರಲಿಲ್ಲ. ದ್ವೀಪದಲ್ಲಿ ಉಳಿದಿದ್ದದ್ದೇ ಹನ್ನೊಂದು ಮನೆ. ಬಿಸಿಲು ಎಷ್ಟು ನಿಚ್ಚಳವಾಗಿತ್ತೆಂದರೆ ಜೆಟ್ಟಿಯಲ್ಲಿ ಒಣಹಾಕಿದ್ದ ಸಣ್ಣ ಮೀನುಗಳ ಕಣ್ಣು ಕೂಡ ಹೊಳೆಯುತ್ತಿತ್ತು. ಗಾಳಿ ಇರಲಿಲ್ಲ. ನಾಯಿ ಬೊಗಳಲಿಲ್ಲ.

ಚೋನ್‌ನ ಮನೆಗೆ ಹಿಂದುಗಡೆ ಉತ್ತರಕ್ಕೆ ಕಿಟಕಿಯಿದ್ದ ಉದ್ದನೆಯ ಕೋಣೆಯೊಂದಿತ್ತು. ಗಿಯುನ್ ಒಳಗೆ ಹೋದವನೇ ಕೋಟು ಬಿಚ್ಚಿ, ತಾಕ್‌ನ ಜೊತೆ ಮಾತಾಡುತ್ತಲೇ, ಬಾಗಿಲ ಪಕ್ಕದ ಗೂಟಕ್ಕೆ ತಗಲಿಹಾಕಿದ. ಹಾಕಿದ ಮೇಲೆ ತಿರುಗಿ ನೋಡಿದ. ಬಾಗಿಲ ರೆಕ್ಕೆಯ ಮರೆಯಲ್ಲಿ, ಭುಜದ ಎತ್ತರದಲ್ಲಿ, ಒಳಗೆ ಬಂದವರ ಕಣ್ಣಿಗೆ ಬೀಳದ ಜಾಗದಲ್ಲಿ ಗೂಟವಿತ್ತು.

"ಏನಪ್ಪಾ, ಅತ್ತೆ ಮನೆಗೆ ಬಂದಿದ್ದೀಯಾ?" ತಾಕ್ ನಕ್ಕ. "ಗೂಟ ಎಲ್ಲಿದೆ ಅಂತ ಹೆಂಗೆ ಗೊತ್ತಾಯ್ತು?"

"ಕೈಗೆ ಸಿಕ್ತು," ಎಂದ ಗಿಯುನ್.

ನೆಲದಲ್ಲಿ ಕಿಟಕಿಯ ಮುಂದೆ ಒಬ್ಬ ಕೂತು ಸವೆಸಿದ ತಗ್ಗು. ಅದರ ಹಿಂದೆ ಎರಡು ಮಾರು ದೂರದಲ್ಲಿ ಇನ್ನೊಂದು. ಅವನು ಎರಡನ್ನೂ ದಾಟಿ ಹೋದ, ನಿಲ್ಲಲಿಲ್ಲ. ಹಿಂದೆ ಯಾರೋ ಮರಗೆಲಸದವರು ಇದ್ದಿರಬೇಕು, ಕೆಲಸದ ಮನೆಗಳೆಲ್ಲ ಒಂದೇ ತರಹ ಇರುತ್ತವೆ ಎಂದುಕೊಂಡ.

ಬೀರು ಇದ್ದದ್ದು ಒಳಕೋಣೆಯಲ್ಲಿ. ಎದೆಯೆತ್ತರದ ನುತಿ ಮರದ ಬೀರು, ಮೇಲೆ ಎರಡು ಬಾಗಿಲು, ಕೆಳಗೆ ಡ್ರಾಯರುಗಳ ಸಾಲು. ಚೋನ್ ಅದರಲ್ಲಿ ಬಲೆಯ ದಾರ, ಗಾಳದ ಕೊಕ್ಕೆ ತುಂಬಿಟ್ಟಿದ್ದ. ಮೂವತ್ತು ವರ್ಷ ಉಪ್ಪುಗಾಳಿ ಕುಡಿದಿದ್ದರೂ ಒಂದು ಸಂದೂ ಬಿಟ್ಟಿರಲಿಲ್ಲ. ಗಿಯುನ್ ಒಂದು ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದ. ಪಕ್ಕದ ಡ್ರಾಯರು ತಾನಾಗಿ ಹೊರಗೆ ಬಂತು.

ತಾಕ್ ಒಂದು ಹೆಜ್ಜೆ ಹಿಂದೆ ಸರಿದ. "ಏಯ್, ಏನದು?"

"ಏನಿಲ್ಲ ಅಣ್ಣ. ಒಳಗೆ ಗಾಳಿ ಸಿಕ್ಕಿಹಾಕಿಕೊಂಡಿರ್ತದೆ. ಅಷ್ಟು ಬಿಗಿಯಾಗಿ ಕೂರಿಸಿದ್ದಾರೆ ಅಂತ ಅರ್ಥ. ಒಂದನ್ನ ತಳ್ಳಿದ್ರೆ ಇನ್ನೊಂದು ಬರ್ತದೆ. ಒಳ್ಳೇ ಕೆಲಸ."

"ಒಳ್ಳೇ ಕೆಲಸ ಆದ್ರೆ ಒಡೆಯೋದು ಕಷ್ಟ. ದೊಡ್ಡ ಸುತ್ತಿಗೆ ಕೊಡ್ತೀನಿ ತಡಿ."

"ಬೇಡ. ಬಿಚ್ಚೋಣ. ಮೊಳೆ ಇಲ್ಲ ಇದರಲ್ಲಿ."

ಗಿಯುನ್ ಅಂಗಳದಿಂದ ಒಂದು ಕಟ್ಟಿಗೆಯ ತುಂಡು ತಂದು, ಮೇಲಿನ ಚೌಕಟ್ಟಿನ ಅಡಿಗೆ ಕೊಟ್ಟು ಕೊಡತಿಯಿಂದ ಬಡಿದ. ಎರಡು ಏಟು. ತಡೆದು, ಒಂದು. ಮತ್ತೆ ಎರಡು. ತಡೆದು, ಒಂದು.

ಪಕ್ಕದ ಗೋಡೆಯಾಚೆಯಿಂದ ಒಬ್ಬ ಮುದುಕಿಯ ದನಿ ಕೇಳಿತು.

"ಸೋಕ್ಬೋ, ಬಂದ್ಯಾ?"

ಅವನ ಕೈ ಅಲ್ಲೇ ನಿಂತಿತು. ತಾಕ್ ಇವನ ಮುಖ ನೋಡಿದ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. "ಯಾರನ್ನೋ ಕರೀತಿದ್ದಾರೆ," ಎಂದ.

ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ರಬ್ಬರ್ ಚಪ್ಪಲಿಯ ಸದ್ದಾಯಿತು. ಪಕ್ಕದ ಮನೆಯ ಓಕ್ದಾನ್ ಅಜ್ಜಿ ಗೋಡೆ ಸವರಿಕೊಂಡು ಬಂದಳು. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಬೆಳ್ಳಗೆ ಪೊರೆ ಕಟ್ಟಿತ್ತು. ನೇರವಾಗಿ ಗಿಯುನ್‌ನ ಹತ್ತಿರ ಬಂದು ಕೈ ಚಾಚಿದಳು.

"ಬೆಳಗಿನ ದೋಣಿಗೆ ಬರ್ತೀನಿ ಅಂದಿದ್ದೆ. ಎಷ್ಟು ಹೊತ್ತು ಮಾಡಿದೆಯೋ. ಊಟ ಆಯ್ತಾ?"

"ಅಜ್ಜಿ, ನಾನು ಕಂಪನಿಯವನು. ಚೋನ್ ಅವರ ಮನೆ ಖಾಲಿ ಮಾಡೋಕ್ಕೆ ಬಂದಿದ್ದೀವಿ."

ಅವಳು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಬಲಗೈ ಹಿಡಿದು ಹೆಬ್ಬೆರಳಿನ ಬುಡವನ್ನು, ಉಳಿ ಒತ್ತಿ ದಡ್ಡುಗಟ್ಟಿದ ಜಾಗವನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಹೂಂ. ನಿನ್ನದೇ ಕೈ. ಸ್ವಲ್ಪ ಮೆತ್ತಗಾಗಿದೆ. ಕೆಲಸ ಬಿಟ್ಟು ಬಹಳ ದಿನ ಆಯ್ತು, ಅಲ್ವಾ? ಕಡಲಪಾಚಿ ಸಾರಿದೆ, ತರ್ತೀನಿ ಇರು," ಎಂದು ತಿರುಗಿ ಹೋದಳು.

"ಅಜ್ಜಿಗೆ ಅರಳುಮರಳು," ಎಂದ ತಾಕ್. "ಸಾರು ಮಾತ್ರ ಬರಲಿ."

ಗಿಯುನ್‌ನ ಕೈಯಲ್ಲಿದ್ದ ಚೌಕಟ್ಟು ಸಡಿಲವಾಗಿ, ಮೂವತ್ತು ವರ್ಷ ಕತ್ತಲಲ್ಲಿದ್ದ ನಾಲಿಗೆ ಗೂಡಿನಿಂದ ಹೊರಗೆ ಬಂದಿತ್ತು. ಒಳಗಿನ ಮರ ನಿನ್ನೆ ಕೊರೆದ ಹಾಗೆ ಹಸಿಯಾಗಿ, ಕೆಂಪಗಿತ್ತು. ಎಡಗಡೆಯ ಚಾಕುವಿನ ಗೆರೆ ಅಕ್ಕಿಕಾಳಿನಷ್ಟು ಆಚೆಗೆ ಹೋಗಿ ನಿಂತಿತ್ತು.

ಅವನು ತುಂಬಾ ಹೊತ್ತು ಅದನ್ನೇ ನೋಡಿದ. ಆಮೇಲೆ ತಾಕ್‌ನನ್ನು ಕರೆದು, ಬೀರುವಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಒಂದು ಚಿತ್ರ ಬರೆದ. "ಅಣ್ಣ, ಈ ಮೂಲೆ ಬಿಚ್ಚಿದ್ರೆ ಒಳಗೆ ಹೀಗಿರ್ತದೆ. ಇಲ್ಲಿ ಓರೆ, ಇಲ್ಲಿ ಸಣ್ಣ ಮೆಟ್ಟಿಲು, ಇಲ್ಲಿ ಎರಡು ಸಲ ಉಳಿ ಜಾರಿದ ಗುರುತು. ನೋಡ್ತಿರು."

ಬಡಿದು ಬಿಚ್ಚಿದರು. ಓರೆ, ಮೆಟ್ಟಿಲು, ಎರಡು ಗುರುತು. ತಾಕ್ ಧೂಳಿನ ಚಿತ್ರವನ್ನೂ ಮರವನ್ನೂ ನೋಡಿ ಬಾಯಿ ಒರೆಸಿಕೊಂಡ.

"ನೀನೇ ಮಾಡಿದ್ದಾ ಇದು?"

"ಅಲ್ಲ."

"ಮರೆತಿರಬೇಕು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮಾಡಿರ್ತೀಯೋ."

"ಹದಿನೇಳು ದೊಡ್ಡ ಬೀರು. ಎಲ್ಲ ನೆನಪಿದೆ. ಇದು ಅದರಲ್ಲಿಲ್ಲ."

ಕೊನೆಯ ಅಡ್ಡಪಟ್ಟಿಯ ನಾಲಿಗೆಯ ಮೇಲೆ ಮಸಿಯಲ್ಲಿ ಬರೆದ ಅಕ್ಷರಗಳಿದ್ದವು. ತಾಕ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. "ಗಿಮಿ ಕುರಿ ವರ್ಷ, ನಾಲ್ಕನೇ ತಿಂಗಳು. ಸೋಕ್ಬೋ ಕೊರೆದದ್ದು." ಓದಿದ ಮೇಲೆ ಗೋಡೆಯ ಕಡೆ ನೋಡಿದ. "ಅಜ್ಜಿ ಕರೆದದ್ದು ಇದೇ ಹೆಸರಲ್ವಾ?"

"ಹೌದು. ಕೆಲಸದ ಮನೇಲಿ ನನ್ನನ್ನ ಕರೀತಿದ್ದದ್ದೂ ಇದೇ ಹೆಸರು."

"ಹಾಗಾದ್ರೆ ನಿನ್ನದೇ. ಕುರಿ ವರ್ಷ ಹನ್ನೆರಡಕ್ಕೊಮ್ಮೆ ಬರ್ತದಲ್ಲ."

"ಗಿಮಿ ಬರೋದು ಅರವತ್ತಕ್ಕೊಂದು ಸಲ. ಎಪ್ಪತ್ತೊಂಬತ್ತನೇ ಇಸವಿ ಅದು. ಆಗ ನನಗೆ ಒಂಬತ್ತು ವರ್ಷ ಅಣ್ಣ. ಕಡಲು ಹೇಗಿರ್ತದೆ ಅಂತಲೂ ಗೊತ್ತಿರಲಿಲ್ಲ."

ತಾಕ್ ಅಡ್ಡಪಟ್ಟಿಯನ್ನು ಕೆಳಗಿಟ್ಟ. ಕೆಳಗಿನ ಸಾಲಿನ ತುದಿಯಲ್ಲಿ, ಅಡ್ಡಹಲಗೆಯಿಂದ ಬೇರೆ ಮಾಡಿದ್ದ ಒಂದು ಡ್ರಾಯರಿನ ಜಾಗ ಖಾಲಿಯಿತ್ತು. ಆ ಗೂಡಿನೊಳಗೆ ಎರಡು ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಗೆರೆಗಳನ್ನೆಲ್ಲ ಎಳೆದಾಗಿತ್ತು, ಕೊರೆದಿರಲಿಲ್ಲ.

ಸಾರು ಬಂತು. ಇಬ್ಬರೂ ಕುಡಿದರು. ಬೀರುವಿನ ತುಂಡುಗಳನ್ನು ಕಂಬಳಿಯಲ್ಲಿ ಕಟ್ಟಿ ದೋಣಿಗೆ ಸಾಗಿಸಿದರು. ಹೇಗೂ ಬಿಸಾಡುವ ಸಾಮಾನು, ಬೇಕಿದ್ದರೆ ತಗೊಂಡು ಹೋಗು ಎಂದ ತಾಕ್. ಜೆಟ್ಟಿಯ ತನಕ ಅಜ್ಜಿ ಬಂದಳು. ದೋಣಿ ಬಿಡುವಾಗ, "ಹಡಗಿಗೆ ಹೋಗಬೇಡ್ವೋ. ನಿಮ್ಮಪ್ಪ ಕೂತಲ್ಲೇ ಕೂತಿದ್ದಾನೆ," ಎಂದು ಕೂಗಿ ಹೇಳಿದಳು.

ಮರುದಿನ ಬೆಳಿಗ್ಗೆ ಗಿಯುನ್ ಆ ಅಡ್ಡಪಟ್ಟಿಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಯೋಮ್ ಗುರುಗಳ ಮನೆಗೆ ಹೋದ. ಈ ಸಲ ಬಾಗಿಲು ಬಡಿಯಲಿಲ್ಲ, ತಳ್ಳಿಕೊಂಡು ಒಳಗೆ ಹೋದ. ಕೋಟನ್ನು ಬಾಗಿಲ ಮರೆಯ ಗೂಟಕ್ಕೆ ಹಾಕಲು ಹೋಗಿ ಕೈ ಹಿಂದೆಗೆದುಕೊಂಡ. ಗುರುಗಳಿಗೆ ಎಂಬತ್ತಮೂರಾಗಿತ್ತು. ಹಿಂದಿನ ಚಾಪೆಯ ಮೇಲೆ, ಕಿಟಕಿಯ ಮುಂದಿನ ಖಾಲಿ ಜಾಗವನ್ನು ನೋಡುತ್ತ ಕೂತಿದ್ದರು.

"ಮುಕ್ದೋಗೆ ಹೋಗಿದ್ದೆ," ಎಂದ ಗಿಯುನ್.

ಗುರುಗಳು ತಲೆಯೆತ್ತಲಿಲ್ಲ. "ವ್ಯಾನು ಅಂದಿದ್ದೆ."

"ಈಗ ದೋಣೀನೂ ಇದೆ."

ಅವನು ಪತ್ರಿಕೆ ಬಿಚ್ಚಿ ಅಡ್ಡಪಟ್ಟಿಯನ್ನು ಅವರ ಮುಂದೆ ಇಟ್ಟ. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಎಡಗಡೆಯ ಗೆರೆಯ ಮೇಲೆ ಉಗುರಿನಿಂದ ಒಂದು ಸಲ ಎಳೆದರು. ಉಗುರು ಅಕ್ಕಿಕಾಳಿನಷ್ಟು ಆಚೆಗೆ ಹೋಗಿ ನಿಂತಿತು.

"ಸೋಕ್ಬೋ ಯಾರು ಗುರುಗಳೇ?"

"ನನ್ನ ಮಗ."

ಗಿಯುನ್ ಕೂತ. ಹತ್ತೊಂಬತ್ತು ವರ್ಷದಲ್ಲಿ ಈ ಮನೆಯಲ್ಲಿ ಮಗನೊಬ್ಬ ಇದ್ದ ಎಂಬ ಸೂಚನೆಯೇ ಇರಲಿಲ್ಲ. ಒಂದು ಫೋಟೋ ಇಲ್ಲ, ವರ್ಷಕ್ಕೊಮ್ಮೆ ಎಡೆ ಇಡುವುದಿಲ್ಲ.

"ಇಪ್ಪತ್ತೆರಡು ವರ್ಷ ಅವನಿಗೆ. ಮರದ ಧೂಳು ಸಾಕಪ್ಪ, ಹಡಗಿನ ಕೆಲಸಕ್ಕೆ ಹೋಗ್ತೀನಿ ಅಂದ. ನಾನು ಮಾತಾಡಲಿಲ್ಲ. ಬೆನ್ನು ತಿರುಗಿಸಿ ಕೂತೆ. ಒಂದು ಸಲ ಹೋಗಿ ನೋಡಿ ಬರ್ತೀನಿ, ಬೆಳಗಿನ ದೋಣಿಗೆ ಬಂದು ಡ್ರಾಯರು ಮುಗಿಸಿಕೊಡ್ತೀನಿ ಅಂದ. ನಾನು ತಿರುಗಿ ನೋಡಲಿಲ್ಲ." ಗುರುಗಳು ಉಗುರಿಗೆ ಅಂಟಿದ ಧೂಳನ್ನು ಉಜ್ಜಿದರು. "ಹಡಗು ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದೆ ಎಡೆ ಇಡೋದು ಹೆಂಗೆ? ಮುಕ್ದೋದ ಮನೇನ ಆ ಚೋನ್‌ಗೆ ಮಾರಿ ಈ ಕಡೆ ಬಂದೆ. ಬೀರು ಅಲ್ಲೇ ಬಿಟ್ಟೆ. ಉಳಿದದ್ದೆಲ್ಲ ಹೆಂಗಿತ್ತೋ ಹಂಗೇ ಮಾಡಿಕೊಂಡೆ. ಕಿಟಕಿ, ಗೂಟ, ಚಾಪೆ."

"ನನ್ನನ್ನೂ."

"ನಿನ್ನನ್ನೂ."

ಹೊರಗೆ ಓಣಿಯಲ್ಲಿ ತರಕಾರಿ ಲಾರಿಯ ಮೈಕು ಈರುಳ್ಳಿ, ಮೂಲಂಗಿ ಎಂದು ಕೂಗುತ್ತ ಹೋಯಿತು.

"ಹಿಂದಿನಿಂದ ನೋಡಿದ್ರೆ ಅವನೇ ಕೂತ ಹಂಗೆ ಇರ್ತಿತ್ತು," ಎಂದರು ಗುರುಗಳು. "ಮುಂದೆ ಬಂದು ನೋಡೋದಕ್ಕೆ ನಾನು ಹೋಗಲಿಲ್ಲ."

"ನಾನು ಬಂದಾಗ ನನ್ನ ಕೈ ಹೀಗಿರಲಿಲ್ಲ."

"ಇರಲಿಲ್ಲ. ಬೇರೆ ಇತ್ತು. ಒಳ್ಳೇ ಕೈಯೇ. ನಾನೇ ತೆಗೆದುಹಾಕಿದೆ."

"ಹೆಂಗಿತ್ತು ಅದು?"

ಗುರುಗಳು ಮೊದಲ ಸಲ ತಲೆಯೆತ್ತಿದರು. ಆದರೆ ಅವನ ಮುಖವನ್ನಲ್ಲ, ಅವನ ಕೈಯನ್ನು ನೋಡಿದರು. ಯೋಚಿಸಿದರು, ಪ್ರಾಮಾಣಿಕವಾಗಿಯೇ ಯೋಚಿಸಿದರು. "ನೆನಪಿಲ್ಲ," ಎಂದರು.

ಗಿಯುನ್ ಅಡ್ಡಪಟ್ಟಿ ಎತ್ತಿಕೊಂಡು ಎದ್ದ. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬರಬಹುದೆಂದು ಕಾಲು ತಾನಾಗಿ ನಿಧಾನವಾಯಿತು. ದನಿ ಬರಲಿಲ್ಲ.

ಆ ಭಾನುವಾರ ಅವನು ಬಾಲ್ಕನಿಯಲ್ಲಿ ಕೂತು ಒಂದು ಪೈನ್ ತುಂಡಿನ ಮೇಲೆ ಗೆರೆ ಎಳೆದ. ಎಡಗಡೆ ನಿಲ್ಲಿಸಬೇಕೆಂದುಕೊಂಡಲ್ಲಿ ಚಾಕು ನಿಲ್ಲಲಿಲ್ಲ, ಅಕ್ಕಿಕಾಳಿನಷ್ಟು ಮುಂದೆ ಹೋಯಿತು. ಮತ್ತೆ ಎಳೆದ. ಮತ್ತೆ ಹೋಯಿತು. ಕಣ್ಣು ಮುಚ್ಚಿ ಎಳೆದ. ಎಡಗೈಯಲ್ಲಿ ಎಳೆದ, ಎಡಗೈಯೂ ಅಷ್ಟೇ ದೂರ ಹೋಗಿ ನಿಂತಿತು. ಸಂಜೆಯ ಹೊತ್ತಿಗೆ ತುಂಡು ಗೀರುಗಳಿಂದ ತುಂಬಿಹೋಗಿತ್ತು. ಹತ್ತೊಂಬತ್ತು ವರ್ಷದ ಹುಡುಗನಾಗಿದ್ದಾಗ ಉಳಿಯನ್ನು ಹೇಗೆ ಹಿಡಿಯುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾದದ್ದು ಗಿಣ್ಣಿನ ನೋವು ಮಾತ್ರ.

ಮಿಹ್ವಾ ಬಂದು ಪಕ್ಕದಲ್ಲಿ ಕೂತಳು. "ಯಾರ ಮೇಲೆ ಸಿಟ್ಟು ಆ ಹಲಗೆ ಮೇಲೆ ತೀರಿಸ್ತಿದ್ದೀರ?"

ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, "ಹಂಗಾದ್ರೆ ನಾನು ಮದುವೆ ಆದದ್ದು ಯಾರನ್ನ?" ಎಂದು ನಗಲು ಹೋದಳು. ನಗೆ ಅರ್ಧಕ್ಕೇ ನಿಂತಿತು. ಆ ದಿನದಿಂದ ಅವಳ ಬಾಯಲ್ಲಿ ಸೋಕ್ಬೋ ಎಂಬ ಹೆಸರು ಬರಲಿಲ್ಲ. ಗಿಯುನ್ ಎಂದು ಕರೆದು ಅಭ್ಯಾಸವೂ ಇರಲಿಲ್ಲ. "ನೋಡಿ ಇಲ್ಲಿ", "ಕೇಳಿಸ್ತಾ", ಎಂದು ಮಾತಾಡಿಸತೊಡಗಿದಳು.

ಬೀರುವಿನ ತುಂಡುಗಳು ಬಾಲ್ಕನಿಯಲ್ಲೇ ಇದ್ದವು. ಒಂದು ವಾರದ ಮೇಲೆ ಕೆಳಗಿನ ಮನೆಯ ಹೆಂಗಸು ಲಿಫ್ಟಿನಲ್ಲಿ ಮಿಹ್ವಾಳನ್ನು ಹಿಡಿದಳು. "ಏನಮ್ಮಾ, ಮನೇಲೇ ಮರಗೆಲಸ ಶುರು ಮಾಡಿದ್ದಾರಾ ನಿಮ್ಮನೆಯವರು? ದಿನಾ ಮಧ್ಯಾಹ್ನ ಟಕ್ ಟಕ್, ಟಕ್. ಟಕ್ ಟಕ್, ಟಕ್. ನಮ್ಮತ್ತೆಗೆ ಕಣ್ಣು ಮುಚ್ಚೋಕ್ಕೇ ಆಗ್ತಿಲ್ಲ."

ಮಧ್ಯಾಹ್ನ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಗಿಯುನ್ ಕೆಲಸಕ್ಕೆ, ಮಗಳು ಶಾಲೆಗೆ, ಮಿಹ್ವಾ ಸಿಂಪಿ ಬಿಡಿಸುವ ಶೆಡ್ಡಿಗೆ ಹೋಗಿರುತ್ತಿದ್ದರು. ಅವಳು ಕ್ಷಮಿಸಿ ಎಂದು ಹೇಳಿ ಮನೆಗೆ ಬಂದು, ಬಾಲ್ಕನಿಯ ಗಾಜಿನ ಬಾಗಿಲನ್ನು ಎಳೆದು ಚಿಲಕ ಹಾಕಿದಳು. ಗಂಡ ಬಂದ ಮೇಲೆ ಎರಡೇ ಮಾತು ಹೇಳಿದಳು. "ನೋಡಿ, ಅದನ್ನ ಅಲ್ಲಿಗೇ ಕೊಟ್ಟು ಬನ್ನಿ. ಅದು ಬಂದ ಕಡೆಗೇ."

ಒಡೆದು ಒಲೆಗೆ ಹಾಕಿ ಎಂದು ಅವಳು ಹೇಳಲಿಲ್ಲ. ಅವನಿಗೂ ಅದು ಹೊಳೆಯಲಿಲ್ಲ.

ಬೀರನ್ನು ಸಾಗಿಸಿದ ದಿನ ತಾಕ್ ತನ್ನ ರಜೆ ಹಾಕಿ ಜೊತೆಗೆ ಬಂದ. ಸಾರಿನ ಋಣ ಇದೆ ಎಂದ. ತೋಂಗ್ಯೋಂಗ್ ಜೆಟ್ಟಿಯಲ್ಲಿ ತುಂಡುಗಳನ್ನು ದೋಣಿಗೆ ಏರಿಸುತ್ತಿದ್ದಾಗ ಗಿಯುನ್‌ಗೆ ಯಾರೋ ನಿಂತಿದ್ದಾರೆ ಅನ್ನಿಸಿತು. ಯೋಮ್ ಗುರುಗಳು ಬಂದಿದ್ದರು, ಕೆಲಸದ ಏಪ್ರನ್ ಕೂಡ ಬಿಚ್ಚಿರಲಿಲ್ಲ. ಮಿಹ್ವಾ ಹೋಗಿ ಹೇಳಿದ್ದಳೆಂದು ಆಮೇಲೆ ಗೊತ್ತಾಯಿತು. ಅವರು ಬೀರುವಿನ ಕಡೆ ನೋಡಲಿಲ್ಲ. ನಡೆದು ಬಂದು ಗಿಯುನ್‌ನ ಎದುರು ನಿಂತು ಅವನ ಮುಖವನ್ನು ನೋಡಿದರು. ಹಣೆ, ಮೂಗು, ಕೆನ್ನೆಯ ಮೇಲಿನ ಮಚ್ಚೆ. ಗೊತ್ತಿಲ್ಲದ ಮನುಷ್ಯನನ್ನು ಗುರುತು ಇಟ್ಟುಕೊಳ್ಳಲು ನೋಡುವ ಹಾಗೆ.

"ಗಿ-ಯುನ್," ಎಂದರು. ನಾಲಿಗೆ ಹೊರಳಿತು. "ನಿನಗೆ ತಪ್ಪು ಮಾಡಿದೆ."

ಗಿಯುನ್ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟ. "ಗಾಳಿ ಇದೆ ಗುರುಗಳೇ, ಮನೆಗೆ ಹೋಗಿ," ಎಂದ.

ದೋಣಿ ಕಣ್ಮರೆಯಾಗುವ ತನಕ ಅವರು ಅಲ್ಲೇ ನಿಂತಿದ್ದರು. ಬೆನ್ನು ತಿರುಗಿಸಲಿಲ್ಲ.

ಮುಕ್ದೋದಲ್ಲಿ ಬೀರನ್ನು ಓಕ್ದಾನ್ ಅಜ್ಜಿಯ ಕೋಣೆಯಲ್ಲಿ ಮತ್ತೆ ಜೋಡಿಸಿದರು. ಒಂದೊಂದು ನಾಲಿಗೆಯೂ ಗೂಡನ್ನು ಸೇರಿದಾಗ ನೀರಿನಲ್ಲಿ ಕಲ್ಲು ಮುಳುಗಿದಂಥ ಸಣ್ಣ ಸದ್ದು. ಗೆರೆ ಎಳೆದಿಟ್ಟ ಎರಡು ಹಲಗೆಗಳನ್ನು ಗಿಯುನ್ ಬಟ್ಟೆಯಲ್ಲಿ ಸುತ್ತಿ ಕೆಳಗಿನ ಗೂಡಿಗೆ ವಾಪಸ್ಸು ಇಟ್ಟ. ಅದನ್ನು ಮುಗಿಸಬೇಕೆಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಅಜ್ಜಿ ಬೀರುವಿನ ಮೈಯನ್ನೆಲ್ಲ ಸವರಿ, "ಹ್ಞಾಂ, ಈಗ ಅವನ ಬಟ್ಟೆ ಇಡೋಕ್ಕೆ ಒಂದು ಜಾಗ ಆಯ್ತು," ಎಂದಳು. ಅವಳು 'ನಿನ್ನ' ಎನ್ನಲಿಲ್ಲ, 'ಅವನ' ಎಂದಳು. ಗಿಯುನ್ ಅದನ್ನು ಗಮನಿಸಿದ್ದು ದೋಣಿಯಲ್ಲಿ ಕೂತ ಮೇಲೆ.

ಬೇಸಿಗೆ ಕಳೆಯಿತು. ಕೆಳಗಿನ ಮನೆಯವರು ಮತ್ತೆ ದೂರು ಹೇಳಲಿಲ್ಲ. ಯೋಮ್ ಗುರುಗಳು ಕೆಲಸದ ಮನೆಯ ಕಿಟಕಿಗೆ ಹಲಗೆ ಹೊಡೆಸಿ, ತಂಗಿಯ ಊರಿಗೆ ಹೋದರು. ಹೋಗುವ ಮುನ್ನ ತಮ್ಮ ಉಳಿಗಳನ್ನೆಲ್ಲ ಗಿಯುನ್‌ಗೆ ಕಳಿಸಿದರು. ಅವನು ಅವನ್ನು ಬಂದರಿನ ಕಡೆಯ ಒಂದು ತಾಂತ್ರಿಕ ಶಾಲೆಗೆ ಕೊಟ್ಟುಬಿಟ್ಟ. ತಾನು ಮನೆ ಖಾಲಿ ಮಾಡುವ ಕೆಲಸದಲ್ಲೇ ಮುಂದುವರಿದ. ಅಲ್ಲಿ ಕೈಯಿಂದ ಗೆರೆ ಎಳೆಯಬೇಕಾದ್ದು ಏನೂ ಇರಲಿಲ್ಲ. ಮಿಹ್ವಾ ಒಂದು ದಿನ ಅಡುಗೆಮನೆಯಿಂದ ತಡವರಿಸುತ್ತ "ಗಿಯುನ್" ಎಂದು ಕರೆದಳು. ಅವನು ಓಗೊಟ್ಟ.

ಅಕ್ಟೋಬರಿನಲ್ಲಿ ಮುಕ್ದೋದಲ್ಲಿ ಇನ್ನೊಂದು ಮನೆ ಖಾಲಿ ಮಾಡುವುದಿತ್ತು. ಕೆಲಸ ಬೇಗ ಮುಗಿಯಿತು. ದೋಣಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಿಯುನ್ ಮೊಣಕಾಲು ನೋವಿಗೆ ಅಂಟಿಸುವ ಔಷಧದ ಪಟ್ಟಿ, ಒಂದು ಡಬ್ಬಿ ಹಿಟ್ಟಿನ ಬಿಸ್ಕತ್ತು ಹಿಡಿದು ಅಜ್ಜಿಯ ಮನೆಗೆ ಹೋದ. ತಾಕ್ ಗೇಟಿನ ಹೊರಗೆ ಸಿಗರೇಟು ಹಚ್ಚಿ ನಿಂತ. ಅಜ್ಜಿ ಬಿಸಿಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅಜ್ಜಿ, ನಾನು. ಆವತ್ತು ಬೀರು ತಂದುಕೊಟ್ಟವನು. ಸೋಕ್ಬೋ ಅಲ್ಲ ನಾನು."

"ಅಲ್ಲ ಅಂತ ಗೊತ್ತು," ಎಂದಳು ಅಜ್ಜಿ, ಸುಲಿಯುವುದನ್ನು ನಿಲ್ಲಿಸದೆ. "ಅವನು ಮೊನ್ನೆ ಗುರುವಾರ ಬಂದು ಹೋದ."

ಗಿಯುನ್ ಬಿಸ್ಕತ್ತಿನ ಡಬ್ಬಿಯನ್ನು ಜಗಲಿಯ ಮೇಲಿಟ್ಟ. ಅಂಗಳದಲ್ಲಿ ಮೆಣಸಿನಕಾಯಿ ಹರಡಿತ್ತು. ಅದರ ಕೆಂಪು ಕಣ್ಣಿಗೆ ರಾಚುತ್ತಿತ್ತು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಏನಂದ?" ಎಂದು ಕೇಳಿದ. ತನ್ನ ದನಿ ಇಷ್ಟು ಸಹಜವಾಗಿ ಬಂದದ್ದು ಅವನಿಗೇ ಆಶ್ಚರ್ಯ.

"ಬೀರು ನೋಡಿದ. ಯಾರು ಬಿಚ್ಚಿ ಜೋಡಿಸಿದ್ದು ಅಂದ. ಒಬ್ಬ ಬಂದಿದ್ದ, ನಿನ್ನ ಹಂಗೇ ಬಡೀತಾನೆ ಅಂದೆ. ನನ್ನ ಹಂಗಲ್ಲ, ಮೂರನೇ ಏಟು ಅವನದು ಸ್ವಲ್ಪ ಹಗುರ, ಸಂದು ಒತ್ತಿ ನೋಡಿದ್ರೆ ಗೊತ್ತಾಗ್ತದೆ ಅಂದ." ಅವಳು ಒಂದು ಎಸಳನ್ನು ಬುಟ್ಟಿಗೆ ಹಾಕಿದಳು. "ಆ ಏಟು ಬಡಿದವನ ಸ್ವಂತದ್ದು ಅಂದ."

ಗಿಯುನ್ ತನ್ನ ಬಲಗೈಯನ್ನು ನೋಡಿಕೊಂಡ. ಆ ಅಂಗಳದ ಬಿಸಿಲಿನಲ್ಲಿ, ಆ ಮುದುಕಿಯ ಮುಂದೆ ನಿಂತು, ಹೆದರಬೇಕೋ ಅಳಬೇಕೋ ಎಂದು ಅವನಿಗೆ ತಿಳಿಯಲಿಲ್ಲ.

"ಬಟ್ಟೆ ಒದ್ದೆಯಿತ್ತು ಅವನದು," ಎಂದಳು ಅಜ್ಜಿ. "ಒಲೆ ಹಚ್ಚಿಕೊಡ್ತೀನಿ ಅಂದೆ. ಬೇಡ, ಅಭ್ಯಾಸ ಆಗಿದೆ ಅಂದ."

ಜೆಟ್ಟಿಯ ಕಡೆಯಿಂದ ಹಾರ್ನು ಕೇಳಿಸಿತು. ಗಿಯುನ್ ಅಜ್ಜಿಗೆ ತಲೆಬಾಗಿ ಹೊರಟ. ಗೇಟಿನಲ್ಲಿ ತಾಕ್ ಸೇರಿಕೊಂಡ. ಇಬ್ಬರೂ ಇಳಿಜಾರಿನಲ್ಲಿ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಅಜ್ಜಿಯ ದನಿ ಕೇಳಿಸಿತು. ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, ನಿಧಾನವಾಗಿ, ನಡುನಡುವೆ ತಡೆದು ಕೇಳಿಸಿಕೊಳ್ಳುತ್ತ ಮಾತಾಡುತ್ತಿದ್ದಳು.

ತಾಕ್ ನಿಂತ. "ಅವಳು ಒಬ್ಬಳೇ ಅಲ್ವಾ ಇರೋದು?"

"ಹೌದು."

"ಒಳಗೆ ಯಾರೋ ಗಂಡಸು ಕೆಮ್ಮಿದ ಹಂಗಾಯ್ತು."

"ದೋಣಿ ಬಿಡ್ತದೆ, ಬಾ ಅಣ್ಣ," ಎಂದ ಗಿಯುನ್. ಇಬ್ಬರೂ ಓಡಲಿಲ್ಲ, ಆದರೆ ಬೇಗಬೇಗ ಇಳಿದರು.